ಮುಚ್ಚುವುದೂ ಒಂದು ವಿದ್ಯೆ

ಈಗಿನ ಕಾರಿನ ವೈಪರ್ ಮೋಟಾರ್ ಕೆಟ್ಟರೆ ಅದನ್ನು ಬಿಚ್ಚಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಹೊಸದನ್ನು ತರಿಸಿ ಕೂರಿಸುತ್ತಾರೆ, ಹಳೆಯದು ಗುಜರಿಗೆ ಹೋಗುತ್ತದೆ. ಐಟಿಐ ಮುಗಿಸಿ ಬಂದ ನನಗೂ ರಿಪೇರಿ ಎಂದರೆ ಅಷ್ಟೇ ಆಗಿತ್ತು: ಕೆಟ್ಟ ಭಾಗ ಯಾವುದೆಂದು ಪತ್ತೆ ಹಚ್ಚು, ಅದನ್ನು ಬದಲಿಸು. ಆದರೆ ಉಡುಪಿಯಲ್ಲಿ ನಾನು ಕೆಲಸಕ್ಕಿರುವ ಆಟೊ ಎಲೆಕ್ಟ್ರಿಕಲ್ ಅಂಗಡಿಗೆ ಬರುವ ಕೆಲವು ಕಾರುಗಳ ಮುಂದೆ ಈ ಪಾಠ ನಡೆಯುವುದಿಲ್ಲ. ಬದಲಿಸಲು ಭಾಗ ಸಿಗಬೇಕಲ್ಲ?

ಕಳೆದ ಮೇ ತಿಂಗಳಲ್ಲಿ ಬಂದ 1974ರ ಅಂಬಾಸಿಡರ್ ಅಂಥದ್ದೇ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಗಿದೆ. ತಂದವರು ನಿವೃತ್ತ ಟೀಚರ್. ವೈಪರ್ ಎರಡು ಸುತ್ತು ಆಡಿ ಗಾಜಿನ ನಡುವೆ ನಿಲ್ಲುತ್ತಿತ್ತು, ಫ್ಯೂಸ್ ಹೋಗುತ್ತಿತ್ತು. 15 ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಆರ್‌ಟಿಒ ತಪಾಸಣೆ ಹತ್ತಿರ ಬಂದಿತ್ತು. ವೈಪರ್ ಆಡದ ಕಾರು ಅಲ್ಲಿ ಪಾಸಾಗದು. ಗುಜರಿಯವರು ಆಗಲೇ ಮನೆಗೆ ಬಂದು ರೇಟು ಹೇಳಿ ಹೋಗಿದ್ದರಂತೆ. ‘ಇವರು ಇದ್ದಾಗ ತೆಗೊಂಡ ಕಾರು. ಆಗುವುದಾದ್ರೆ ಮಾಡಿಕೊಡಿ, ಇಲ್ಲದಿದ್ರೆ ಕೊಟ್ಟುಬಿಡ್ತೇನೆ’ ಎಂದರು ಟೀಚರ್.

ನಾವೆಲ್ಲ ‘ಅಣ್ಣ’ ಎಂದು ಕರೆಯುವ ಅಂಗಡಿಯ ಯಜಮಾನರಿಗೆ ಎಪ್ಪತ್ತರ ಹತ್ತಿರ. ಮೋಟಾರನ್ನು ನನ್ನ ಮುಂದಿಟ್ಟು, ಬಿಚ್ಚುವ ಮೊದಲು ಮುಚ್ಚಳಕ್ಕೂ ಮೈಗೂ ಸೇರಿ ಒಂದು ಗೆರೆ ಎಳೆಯಲು ಹೇಳಿದರು. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂಡಿದರೆ ಎಲ್ಲವೂ ಮೊದಲಿನ ಜಾಗದಲ್ಲೇ ಕೂರುತ್ತದೆ.

ಒಳಗೆ ನೋಡಿದರೆ ಗೇರಿನ ಗ್ರೀಸ್ ಒಣಗಿದ ಹಲಸಿನ ಮೇಣದಂತಾಗಿತ್ತು. ಗೇರ್ ಬಿಗಿಯಾದಾಗ ಅದನ್ನು ತಿರುಗಿಸಲು ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಫ್ಯೂಸ್ ಹೋಗುತ್ತದೆ. ಗೇರನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಕಾಯಿಲ್ ಹತ್ತಿರ ಮಾತ್ರ ಸೀಮೆಎಣ್ಣೆ ಸುಳಿಯಬಾರದು. ಕಾರ್ಬನ್ ಬ್ರಷ್‌ಗಳು ಸವೆದು ಗಿಡ್ಡವಾಗಿದ್ದವು. ಅದೇ ಅಳತೆಯವು ಸಿಗದ ಕಾರಣ, ದೊಡ್ಡ ಬ್ರಷ್‌ಗಳನ್ನು ತಂದು ಅರದಿಂದ ಉಜ್ಜಿ ಅಳತೆಗೆ ತಂದೆವು.

ಬ್ರಷ್ ತಾಗುವ ತಾಮ್ರದ ಭಾಗವೇ ಕಮ್ಯುಟೇಟರ್. ಅದು ಕಪ್ಪಗಾಗಿತ್ತು. ಅದನ್ನು ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಬೇಕೇ ಹೊರತು ಎಮರಿ ಕಾಗದದಿಂದಲ್ಲ. ಎಮರಿಯ ಗಟ್ಟಿ ಕಣಗಳು ತಾಮ್ರದಲ್ಲಿ ಕೂತು ಬ್ರಷ್‌ಗಳನ್ನು ತಿನ್ನುತ್ತವೆ. ತಾಮ್ರದ ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ತುಸು ತಗ್ಗಿನಲ್ಲಿರಬೇಕು. ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಒಂದೊಂದೇ ಸಂದನ್ನು ಕೆರೆಯುವಷ್ಟರಲ್ಲಿ ಒಂದು ಮಧ್ಯಾಹ್ನ ಕಳೆಯಿತು.

ಆಮೇಲೆ ಮಲ್ಟಿಮೀಟರ್ ಹಿಡಿದೆವು. ಕಮ್ಯುಟೇಟರಿಗೂ ಶಾಫ್ಟಿಗೂ ನಡುವೆ ಕರೆಂಟ್ ಹರಿಯಲೇಬಾರದು. ಇಲ್ಲಿ ಸ್ವಲ್ಪ ಸೋರಿಕೆ ತೋರಿಸಿತು. ತಂತಿ ಸುಟ್ಟಿದ್ದರೆ ಹೊಸದಾಗಿ ಸುತ್ತಿಸಬೇಕಿತ್ತು. ಆದರೆ ಅಣ್ಣ ಮೂಸಿ ನೋಡಿ, ‘ಸುಟ್ಟದ್ದಲ್ಲ, ತೇವ’ ಎಂದರು. ತಗಡಿನ ಡಬ್ಬಿಯಲ್ಲಿ 100 ವಾಟ್ ಬಲ್ಬ್ ಉರಿಸಿ, ಆರ್ಮೇಚರನ್ನು ರಾತ್ರಿಯಿಡೀ ಅದರೊಳಗಿಟ್ಟೆವು. ಬೆಳಿಗ್ಗೆ ಸೋರಿಕೆ ಇರಲಿಲ್ಲ. ಇನ್ಸುಲೇಟಿಂಗ್ ವಾರ್ನಿಷ್ ಹಚ್ಚಿ ಮತ್ತೆ ಒಣಗಿಸಿದೆವು.

ತೇವ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಮೋಟಾರಿನ ತಳದಲ್ಲಿತ್ತು. ಅಲ್ಲೊಂದು ಸಣ್ಣ ತೂತಿತ್ತು. ಹಿಂದೆ ಯಾರೋ ನೀರು ಒಳಗೆ ಬರಬಾರದೆಂದು ಎಪಾಕ್ಸಿ ಮೆತ್ತಿ ಅದನ್ನು ಭದ್ರವಾಗಿ ಮುಚ್ಚಿದ್ದರು. ಓಡುವ ಮೋಟಾರ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಮಳೆನೀರು ಬಿದ್ದು ತಣ್ಣಗಾದಾಗ ಗಾಳಿ ಕುಗ್ಗಿ, ಹೊರಗಿನ ತೇವವನ್ನು ಸಂದುಗಳಿಂದ ಒಳಗೆಳೆದುಕೊಳ್ಳುತ್ತದೆ. ಅದು ಒಳಗೆ ಹನಿಗಟ್ಟಿದರೆ ಇಳಿದು ಹೋಗಲು ಇದ್ದದ್ದು ಆ ತೂತು ಒಂದೇ. ‘ನೀರೇ ಬಾರದ ಹಾಗೆ ಮಾಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ ಮಾರಾಯ, ಬಂದದ್ದು ಹೋಗ್ಲಿಕ್ಕೆ ದಾರಿ ಇಡ್ಬೇಕು’ ಎಂದರು ಅಣ್ಣ. ಕಡಲ ಬದಿಯ ಉಪ್ಪುಗಾಳಿಯಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ ಕಾರು ಓಡಿಸುವ ನಮ್ಮೂರಿಗೆ ಈ ಮಾತು ಬೇಕು.

ಹಾಗಾಗಿ ಸೀಲ್ ಮಾಡುವುದೆಂದರೆ ಕಂಡಲ್ಲೆಲ್ಲ ಅಂಟು ಮೆತ್ತುವುದಲ್ಲ. ಮುಚ್ಚಳ ಕೂರುವಲ್ಲಿಗೆ ಗ್ಯಾಸ್ಕೆಟ್ ಪೇಪರ್ ಇಟ್ಟು, ಅಂಚಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಅದೇ ಆಕಾರಕ್ಕೆ ಕತ್ತರಿಸಿದೆವು. ವಯರ್ ಒಳಹೋಗುವಲ್ಲಿ ಕಲ್ಲಾಗಿದ್ದ ರಬ್ಬರ್ ತೆಗೆದು ಹೊಸದು ಹಾಕಿದೆವು. ಸಂದಿಗೆ ಸಿಲಿಕೋನ್ ಬೇಕಾದರೆ ವಿನಿಗರ್‌ನಂತೆ ಹುಳಿ ವಾಸನೆ ಬರುವುದನ್ನು ಬಳಸಬಾರದು. ಅದು ಒಣಗುವಾಗ ಬಿಡುವ ಆಮ್ಲ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ‘ನ್ಯೂಟ್ರಲ್’ ಎಂದು ಬರೆದಿರುವುದನ್ನು ಕೇಳಿ ಪಡೆಯಬೇಕು. ಕೊನೆಗೆ ತಳದ ತೂತನ್ನು ಬಿಡಿಸಿ, ಅದು ಕೆಳಮುಖವಾಗಿರುವಂತೆ ಮೋಟಾರ್ ಕೂರಿಸಿದೆವು. ಮೊದಲು ಫ್ಯೂಸ್ ಸುಡುತ್ತಿದ್ದ ಮೋಟಾರ್ ಈಗ ಎಳೆದದ್ದು ಸುಮಾರು 3 ಆಂಪಿಯರ್. ಜೂನ್ ಮಳೆಗೆ ಮೊದಲೇ ಟೀಚರ್ ಕಾರು ಪಾಸಾಯಿತು.

ಎಲ್ಲವನ್ನೂ ಹೀಗೆ ಉಳಿಸಲಾಗದು ಎಂಬುದನ್ನೂ ಇದೇ ಅಂಗಡಿಯಲ್ಲಿ ಕಲಿತೆ. ಎಣ್ಣೆ ತುಂಬಿ ಸೀಲ್ ಮಾಡಿದ ಇಗ್ನಿಷನ್ ಕಾಯಿಲ್, ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಕೆಟ್ಟರೆ ಬದಲಿಸುವುದೇ ಸರಿ. ಡೈನಮೊಗೆ ತಣ್ಣಗಾಗಲು ಗಾಳಿ ಬೇಕು, ಅದರ ಕಿಂಡಿ ಮುಚ್ಚಿದರೆ ಬೇಯುತ್ತದೆ. ನಿಮ್ಮ ಮನೆಯಲ್ಲೂ ಹಳೆಯ ಕಾರಿದ್ದರೆ ಮಳೆಗಾಲಕ್ಕೆ ಮುನ್ನ ಹಿಂದಿನ ಲೈಟುಗಳ ಗಾಜು ತೆಗೆದು ನೋಡಿ. ಕೆಳಗೆ ನೀರಿಳಿಯುವ ತೂತಿದ್ದರೆ, ಅದು ಮಣ್ಣು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ.

ಇವೆಲ್ಲ ಅಣ್ಣನ ಕೈಯಲ್ಲಿವೆ, ಯಾವ ಪುಸ್ತಕದಲ್ಲೂ ಅವರು ಬರೆದಿಟ್ಟಿಲ್ಲ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಬ್ರಷ್ಷಿನ ಸಣ್ಣ ಸ್ಪ್ರಿಂಗ್ ಅವರ ಕಣ್ಣಿಗೆ ಈಗ ಸರಿಯಾಗಿ ಕಾಣುವುದಿಲ್ಲ. ಅವರು ಹೇಳುತ್ತಾರೆ, ನಾನು ಕೂರಿಸುತ್ತೇನೆ, ಸಂಜೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಯಾವ ತೂತು ಎಲ್ಲಿ, ಏಕೆ ಎಂದು ಗುರುತು ಹಾಕುತ್ತೇನೆ. ಮುಂದಿನ ವಾರ ಒಂದು ಪದ್ಮಿನಿ ಕಾರಿನ ಡೈನಮೊ ಬರಲಿದೆ. ಅದಕ್ಕೆಂದು ನಾಲ್ಕು ಪುಟ ಖಾಲಿ ಬಿಟ್ಟಿದ್ದೇನೆ.