ಏರ್‌ಗನ್ನಿಗೆ ಬೇಕಾದ್ದು ಬಲವಲ್ಲ

ಶಂಕರಘಟ್ಟದ ಸುತ್ತಮುತ್ತಲ ತೋಟದವರಿಗೆ ಮಂಗಗಳ ಕಾಟ ಹೊಸತೇನಲ್ಲ. ಭದ್ರಾ ಅಭಯಾರಣ್ಯ ಹತ್ತಿರದಲ್ಲೇ ಇದೆ. ಬಾಳೆಗೊನೆ, ಎಳೆ ಅಡಿಕೆ ಕಣ್ಣೆದುರೇ ನೆಲಕ್ಕೆ ಉದುರುವಾಗ ಅಟ್ಟದ ಮೇಲಿನ ಏರ್‌ಗನ್ ಕೆಳಗಿಳಿಯುತ್ತದೆ. ಹಾಗೆ ಇಳಿದದ್ದೊಂದು ಈಚೆಗೆ ನನ್ನ ಮನೆಗೂ ಬಂತು.

“ಹೊಡೆತ ಸಪ್ಪೆಯಾಗಿದೆ ಮೇಷ್ಟ್ರೇ, ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಹೇಗೆ?” ಎಂದರು ತಂದವರು. “ಮಂಗಕ್ಕೆ ಹೊಡೆಯೋಕೆ ಮನಸ್ಸು ಬರಲ್ಲ. ಗುಂಡು ಹಾಕದೆ ಬರೀ ಸದ್ದು ಮಾಡ್ತೀನಿ” ಎಂದೂ ಸೇರಿಸಿದರು. ರೋಗದ ಮೂಲ ಅಲ್ಲೇ ಇತ್ತು.

ಸ್ಪ್ರಿಂಗ್ ಏರ್‌ಗನ್ ಎಂದರೆ ಒಂದು ಬಗೆಯ ಸೈಕಲ್ ಪಂಪು. ನಳಿಗೆ ಮಡಚಿದಾಗ ಸ್ಪ್ರಿಂಗ್ ಕುಗ್ಗಿ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದೊಡನೆ ಪಿಸ್ಟನ್ ಮುಂದಕ್ಕೆ ಚಿಮ್ಮಿ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಗುಂಡನ್ನು ದೂಡುತ್ತದೆ. ಗುಂಡು ಒಡ್ಡುವ ತಡೆಯಿಂದ ಗಾಳಿಯೇ ಪಿಸ್ಟನ್ನಿಗೆ ಮೆತ್ತೆಯಾಗುತ್ತದೆ. ಖಾಲಿ ಹೊಡೆದರೆ ಮೆತ್ತೆಯಿಲ್ಲ. ಪಿಸ್ಟನ್ ಸಿಲಿಂಡರಿನ ತುದಿಗೆ ಬಡಿಯುತ್ತದೆ. ಬಿಚ್ಚಿ ನೋಡಿದಾಗ ಸ್ಪ್ರಿಂಗ್ ನೆಟ್ಟಗಿತ್ತು, ಪಿಸ್ಟನ್ನಿನ ಚರ್ಮದ ವಾಷರ್ ಹರಿದಿತ್ತು.

ಸ್ಪ್ರಿಂಗ್ ಗಟ್ಟಿಯಾದಷ್ಟೂ ಗುಂಡಿನ ವೇಗ ಹೆಚ್ಚುತ್ತದೆಯೇ? ಸಿಲಿಂಡರಿನೊಳಗಿನ ಗಾಳಿ ಹೆಚ್ಚುವುದಿಲ್ಲವಲ್ಲ! ಹೆಚ್ಚಿನ ಬಲ ಬಹುಪಾಲು ಕುಲುಕಾಟವಾಗಿ ಪೋಲಾಗುತ್ತದೆ, ಗುರಿ ತಪ್ಪುತ್ತದೆ. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್. ಕಣ್ಣು ಕಳೆಯಲು ಇಷ್ಟು ಧಾರಾಳ ಸಾಕು. ಶಕ್ತಿ 20 ಜೂಲ್ ಅಥವಾ ನಳಿಗೆಯ ವ್ಯಾಸ 4.5 ಮಿ.ಮೀ. ಮೀರಿದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು.

ಹಾಗಾದರೆ ಟ್ಯೂನ್ ಮಾಡುವುದೆಂದರೇನು? ಪ್ರತಿ ಹೊಡೆತವೂ ಒಂದೇ ಸಮ ಇರುವಂತೆ ನೋಡಿಕೊಳ್ಳುವುದು, ಅಷ್ಟೇ. ನಳಿಗೆ ಮಡಚುವ ಸಂದಿಯ ಮೇಲೆ ತೆಳು ಕಾಗದದ ಚೂರಿಟ್ಟು ಗುಂಡು ಹಾಕಿ ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ, ಅಲ್ಲಿನ ವಾಷರ್ ಬದಲಿಸಿ. ಪಿಸ್ಟನ್ನಿನ ಚರ್ಮದ ವಾಷರ್ ಒಣಗಿದ್ದರೆ ಗಾಳಿರಂಧ್ರಕ್ಕೆ ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ನಳಿಗೆ ಮೇಲಾಗಿ ರಾತ್ರಿಯಿಡೀ ನಿಲ್ಲಿಸಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ. ಒತ್ತಿದ ಗಾಳಿ ಬಿಸಿಯಾಗಿ ಡೀಸೆಲ್ ಎಂಜಿನ್ನಿನಂತೆ ಎಣ್ಣೆ ಒಳಗೇ ಹೊತ್ತಿಕೊಳ್ಳುತ್ತದೆ. ಸ್ಪ್ರಿಂಗಿಗೆ ತೆಳುವಾಗಿ ಗ್ರೀಸ್ ಸವರಿದರೆ ಸಾಕು. ಸ್ಪ್ರಿಂಗ್ ಎಳೆದಿಟ್ಟು ಗಂಟೆಗಟ್ಟಲೆ ಕಾಯಬೇಡಿ; ಅದು ಸೋಲುತ್ತದೆ.

ಬಿಚ್ಚುವ ಕೆಲಸ ಮಾತ್ರ ಬಲ್ಲವರದು. ಒಳಗಿನ ಸ್ಪ್ರಿಂಗ್ ಸುಮ್ಮನಿದ್ದಾಗಲೂ ಒತ್ತಡದಲ್ಲೇ ಇರುತ್ತದೆ. ಕ್ಲ್ಯಾಂಪಿನಲ್ಲಿ ಹಿಡಿಯದೆ ಪಿನ್ ತೆಗೆದರೆ ಮುಖಕ್ಕೆ ಸಿಡಿದೀತು. ಗುಂಡು ತುಂಬುವಾಗ ಮಡಚಿದ ನಳಿಗೆಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಹುಡುಗನಾಗಿದ್ದಾಗ ನಾನು ಹಿಡಿದಿರಲಿಲ್ಲ. ಟ್ರಿಗರಿಗೆ ಬೆರಳು ತಾಗಿ ನಳಿಗೆ ಪಟ್ಟನೆ ಮೇಲೆದ್ದಿತು. ಎಡಗೈ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ.

ಹೊಸ ವಾಷರ್ ಹಾಕಿದ ಮೇಲೆ, ಮಣ್ಣಿನ ದಿಬ್ಬಕ್ಕೆ ರಟ್ಟು ಒರಗಿಸಿ 10 ಮೀಟರ್ ದೂರದಿಂದ ಐದು ಗುಂಡು ಹೊಡೆದೆವು. ಐದೂ ತೂತು ಹತ್ತು ರೂಪಾಯಿ ನಾಣ್ಯದಡಿ ಮುಚ್ಚಿಹೋದವು. ಸ್ಪ್ರಿಂಗ್ ಹಳೆಯದೇ!

“ಮಂಗಕ್ಕೇನು ಮಾಡೋದು ಮೇಷ್ಟ್ರೇ?” ಎಂದರು ಅವರು. ಅಡುಗೆಮನೆಯಿಂದ ಒಂದು ಹಳೆಯ ಎಣ್ಣೆಡಬ್ಬ ತಂದುಕೊಟ್ಟೆ. ಬಡಿದಷ್ಟೂ ಸದ್ದು, ವಾಷರ್ ಹರಿಯುವ ಭಯವಿಲ್ಲ.