ಸಾಕು ನಾಯಿಮರಿಯ ಕಚ್ಚುವ ಅಭ್ಯಾಸ ಹಾಗೂ ಮಲಮೂತ್ರ ಶಿಸ್ತಿನ ನಿರ್ವಹಣೆ

ತೋಟ, ಕಣ ಹಾಗೂ ಕೊಟ್ಟಿಗೆಯ ಕಾವಲಿಗೆ ನಾಯಿ ಸಾಕುವುದು ನಮ್ಮಲ್ಲಿ ಬಹುಕಾಲದ ರೂಢಿ. ಆದರೆ ಹೋರಿಗರುವನ್ನು ಪಳಗಿಸಲು ವಹಿಸುವ ಶ್ರದ್ಧೆಯನ್ನು ನಾಯಿಮರಿಯ ವಿಷಯದಲ್ಲಿ ವಹಿಸುವವರು ವಿರಳ. ಮುಧೋಳ ತಳಿಯಾಗಿರಲಿ, ಊರ ನಾಯಿಯಾಗಿರಲಿ, ಮೊದಲ ನಾಲ್ಕು ತಿಂಗಳಲ್ಲಿ ಕಲಿತ ನಡತೆಯೇ ಬಹುಮಟ್ಟಿಗೆ ಮುಂದೆಯೂ ಉಳಿಯುತ್ತದೆ.

ಮರಿ ಕಚ್ಚುವುದೇಕೆ?

ಹಾಲುಹಲ್ಲುಗಳು 3ರಿಂದ 6 ವಾರಗಳಲ್ಲಿ ಮೂಡುತ್ತವೆ. ಸುಮಾರು 4ನೇ ತಿಂಗಳಿನಿಂದ ಅವು ಉದುರಿ, 6–7 ತಿಂಗಳ ವೇಳೆಗೆ ಶಾಶ್ವತ ಹಲ್ಲುಗಳು ಬರುತ್ತವೆ. ಈ ಅವಧಿಯಲ್ಲಿ ಒಸಡಿನ ಕಿರಿಕಿರಿಯಿಂದ ಮರಿಯು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಒಡಹುಟ್ಟಿದ ಮರಿಯನ್ನು ಜೋರಾಗಿ ಕಚ್ಚಿದರೆ ಅದು ಆಟವನ್ನೇ ನಿಲ್ಲಿಸುತ್ತದೆ. ಹೀಗೆ ಮರಿಯು ಹಲ್ಲಿನ ಮಿತಿಯನ್ನು ಅರಿಯುತ್ತದೆ. ಆದುದರಿಂದ 8 ವಾರಗಳಿಗೆ ಮುನ್ನ ಮರಿಯನ್ನು ತಾಯಿಯಿಂದ ಅಗಲಿಸಬಾರದು.

ಅನುಸರಿಸಬೇಕಾದ ಕ್ರಮಗಳು

1. ಮರಿ ಕಚ್ಚಿದೊಡನೆ ಆಟ ನಿಲ್ಲಿಸಿ, ಮಾತನಾಡದೆ ಅರ್ಧ ನಿಮಿಷ ಮುಖ ತಿರುಗಿಸಿರಿ. ಮನೆಯವರೆಲ್ಲರೂ ಇದನ್ನೇ ಪಾಲಿಸಬೇಕು.
2. ಕೈಬೆರಳು ಅಥವಾ ಸೆರಗನ್ನು ಆಟದ ವಸ್ತುವಾಗಿಸಬೇಡಿರಿ. ಕಡಿಯಲು ಗಂಟು ಹಾಕಿದ ಹಳೆಯ ಬಟ್ಟೆ ಅಥವಾ ಗಟ್ಟಿ ಹಗ್ಗ ನೀಡಿರಿ.
3. ಹೊಡೆಯುವುದು, ಮೂತಿ ಹಿಂಡುವುದು ಸಲ್ಲದು. ಇದರಿಂದ ಮರಿಯು ಕೈಗೆ ಅಂಜಿ, ಬೆಳೆದ ಮೇಲೆ ನಿಜವಾಗಿಯೇ ಕಚ್ಚಬಹುದು.
4. ಮಕ್ಕಳೊಡನೆ ಮರಿಯನ್ನು ಒಂಟಿಯಾಗಿ ಬಿಡಬಾರದು.

ಮಲಮೂತ್ರ ಶಿಸ್ತು

ಮರಿಯು ಮೂತ್ರವನ್ನು ತಡೆಯಬಲ್ಲ ಅವಧಿಯನ್ನು ತಿಂಗಳಿಗೆ ಒಂದು ಗಂಟೆಯಂತೆ ಅಂದಾಜಿಸಬಹುದು. 2 ತಿಂಗಳ ಮರಿಗೆ ಹೆಚ್ಚೆಂದರೆ 2 ಗಂಟೆ. ಆದುದರಿಂದ ಎದ್ದ ಕೂಡಲೇ, ಆಹಾರದ ನಂತರ, ಆಟ ಮುಗಿದ ಮೇಲೆ ಹಾಗೂ ರಾತ್ರಿ ಮಲಗಿಸುವ ಮುನ್ನ ಅದನ್ನು ಪ್ರತಿಬಾರಿ ಒಂದೇ ಜಾಗಕ್ಕೆ ಕರೆದೊಯ್ಯಿರಿ. ವಿಸರ್ಜಿಸಿದ ತಕ್ಷಣ ಅಲ್ಲಿಯೇ ಮೆಚ್ಚುಗೆ ತೋರಿರಿ. ಒಳಗೆ ಗಲೀಜು ಮಾಡಿದ ಬಹಳ ಹೊತ್ತಿನ ಮೇಲೆ ಗದರಿಸಿದರೆ, ಅದರಲ್ಲಿ ಮೂಗು ತಿಕ್ಕಿದರೆ, ಕಾರಣ ಮರಿಗೆ ತಿಳಿಯದು. ವಾಸನೆ ಉಳಿದಲ್ಲಿ ಮತ್ತೆ ವಿಸರ್ಜಿಸುವುದರಿಂದ ನೆಲವನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು.

ಜಾಗದ ಆಯ್ಕೆಯೂ ಮುಖ್ಯ. ಬಾವಿ, ತರಕಾರಿ ಮಡಿ, ಮೇವಿನ ಬಣವೆ ಮತ್ತು ಗೋದಲಿಯಿಂದ ದೂರವಿರಲಿ. ನಾಯಿಯ ಮಲದಲ್ಲಿರಬಹುದಾದ ನಿಯೋಸ್ಪೋರಾ ಪರಾವಲಂಬಿಯು ಮೇವಿನ ಮೂಲಕ ರಾಸುಗಳನ್ನು ಸೇರಿ ಗರ್ಭಪಾತ ಉಂಟುಮಾಡಬಲ್ಲದು. ದುಂಡುಹುಳುವಿನ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳನ್ನು ಸೇರಬಲ್ಲವು. ಮಲವನ್ನು ತಿಪ್ಪೆಗೆ ಹಾಕದೆ ಹೂಳಬೇಕು. ಪಶುವೈದ್ಯರ ಸಲಹೆಯಂತೆ ಜಂತುನಾಶಕ ಕೊಡಿಸಬೇಕು.

ಕಡೆಗಣಿಸಬಾರದ ಎಚ್ಚರಿಕೆ

ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 3 ತಿಂಗಳ ವಯಸ್ಸಿನಲ್ಲಿ ಹಾಕಿಸಲಾಗುತ್ತದೆ. ಅಂದರೆ ಮರಿಯು ಆಟವಾಡುತ್ತ ಹೆಚ್ಚು ಕಚ್ಚುವ ವಯಸ್ಸಿನಲ್ಲಿ ಅದಕ್ಕೆ ಲಸಿಕೆಯ ರಕ್ಷಣೆ ಇರುವುದಿಲ್ಲ. 'ಮರಿ ತಾನೇ, ಹಲ್ಲು ತಾಗಿದೆ ಅಷ್ಟೆ' ಎಂದು ಉದಾಸೀನ ಮಾಡಬೇಡಿರಿ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್ ಬಹುತೇಕ ಮಾರಣಾಂತಿಕ. ಚರ್ಮ ತರಚಿದ್ದರೂ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬಾರದು. ವೈದ್ಯರು ಹೇಳದೆ ಚುಚ್ಚುಮದ್ದನ್ನು ಅರ್ಧಕ್ಕೆ ನಿಲ್ಲಿಸಬಾರದು.

ಮರಿಗೆ 3 ತಿಂಗಳು ತುಂಬುವ ದಿನವನ್ನು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ದಿನ ಸಮೀಪದ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿರಿ. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಈ ಮಾಹಿತಿಯನ್ನು ತಾಯಂದಿರಿಗೂ ಶಾಲಾ ಮಕ್ಕಳಿಗೂ ತಲುಪಿಸುವುದು ಅವಶ್ಯ.