ಕೊರಮೀನು, ರಬ್ಬರ್ ಕಪ್ಪೆ, ನಾಲ್ಕು ಕಾಲ

ಈ ವಾರ ಕೊಂಡಾಪುರದ ಫ್ಲಾಟಿನಲ್ಲಿ ಕೂತು ಮಾತಾಡಿದ್ದು ಗಾಳದ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಅದೇ ಮಾತು ಇಲ್ಲಿ ಬರಹದಲ್ಲಿದೆ.

ಊರಲ್ಲಿ ನಾವೆಲ್ಲ ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ ಕೆರೆ ಏರಿ ಮೇಲೆ ಕೂತವರೇ. ಇಲ್ಲಿ ಐಟಿ ಹುಡುಗರು ಶನಿವಾರ ಬೆಳಗ್ಗೆ ಬ್ಯಾಗಲ್ಲಿ ಹಾಕಿಕೊಂಡು ಹೊರಡೋದು ಸಾಫ್ಟ್ ಪ್ಲಾಸ್ಟಿಕ್ ಲೂರ್. ಅಂದ್ರೆ ಮೆತ್ತನೆಯ ಪ್ಲಾಸ್ಟಿಕ್ಕಲ್ಲಿ ಮಾಡಿದ ಕಪ್ಪೆ, ಹುಳು, ಮರಿಮೀನು. ರೋಹು, ಕಾಟ್ಲಾ ಸಾಮಾನ್ಯವಾಗಿ ಇದಕ್ಕೆ ಬರಲ್ಲ, ಅವಕ್ಕೆ ಹಿಟ್ಟಿನ ಉಂಡೆಯೇ ಬೇಕು. ಲೂರಿಗೆ ಬೀಳೋದು ಬೇಟೆಯಾಡಿ ತಿನ್ನೋ ಮೀನು. ಹೈದರಾಬಾದ್ ಸುತ್ತಮುತ್ತ ಅದರಲ್ಲಿ ಮುಖ್ಯವಾದದ್ದು ಕೊರಮೀನು. ಇದು ತೆಲಂಗಾಣದ ರಾಜ್ಯ ಮೀನು ಕೂಡ.

ಕೊರಮೀನಿನ ವಿಶೇಷ ಏನಂದ್ರೆ, ಅದು ಗಾಳಿಯನ್ನೂ ಉಸಿರಾಡುತ್ತೆ. ಕಿವಿರು ಒಂದೇ ಅದಕ್ಕೆ ಸಾಲದು. ಆಗಾಗ ಮೇಲೆ ಬಂದು 'ಗುಳುಂ' ಅಂತ ಒಂದು ಗುಟುಕು ಗಾಳಿ ತಗೊಂಡು ಕೆಳಗೆ ಹೋಗುತ್ತೆ. ಆ ಗುಳ್ಳೆ ಎದ್ದ ಜಾಗವೇ ನಮಗೆ ಸುಳಿವು. ಅದು ಇರೋದು ಜೊಂಡು, ತಾವರೆ ಎಲೆ, ಅಂತರಗಂಗೆ ತುಂಬಿದ ಕಡೆ. ಸಾಮಾನ್ಯ ಗಾಳ ಅಲ್ಲಿ ಬೀಸಿದ ತಕ್ಷಣ ಸಿಕ್ಕಿಹಾಕಿಕೊಳ್ಳುತ್ತೆ. ರಬ್ಬರ್ ಕಪ್ಪೆಯಲ್ಲಿ ಎರಡು ಕೊಕ್ಕೆಯ ಮೊನೆಗಳು ಬೆನ್ನಿಗೆ ಅಂಟಿಕೊಂಡಿರುತ್ತವೆ, ಹಾಗಾಗಿ ಎಲೆ ಮೇಲೆ ಜಾರುತ್ತೆ. ಮೀನು ಕಚ್ಚಿದಾಗ ಮೆತ್ತನೆ ಹೊಟ್ಟೆ ಒಳಗೆ ಹೋಗಿ ಮೊನೆ ಹೊರಗೆ ಬರುತ್ತೆ. ನೀರು ಚಿಮ್ಮಿದ ಕೂಡಲೇ ಎಳೆಯಬೇಡಿ. ದಾರದಲ್ಲಿ ಭಾರ ಗೊತ್ತಾಗೋವರೆಗೂ ಒಂದು ಕ್ಷಣ ತಡೀರಿ. ಹೊಸಬರು ಕಪ್ಪೆಯನ್ನ ಮೀನಿನ ಬಾಯಿಂದ ಕಿತ್ತುಕೊಳ್ಳೋದು ಇಲ್ಲೇ.

ಈಗ ಕಾಲದ ಲೆಕ್ಕ.

ಚಳಿಗಾಲ, ಡಿಸೆಂಬರ್–ಜನವರಿ: ನೀರು ತಣ್ಣಗಿರುತ್ತೆ, ಮೀನಿಗೆ ಸೋಮಾರಿತನ. ಬೆಳಗ್ಗೆ ಆರಕ್ಕೆ ಏಳಬೇಕಾಗಿಲ್ಲ, ಬಿಸಿಲೇರಿದ ಮೇಲೆ ಹೋಗಿ. ಕಪ್ಪೆ ಬಿಟ್ಟು ಚಿಕ್ಕ ಪ್ಲಾಸ್ಟಿಕ್ ಹುಳು ಹಾಕಿ. ಕೊಕ್ಕೆಯ ಮೊನೆಯನ್ನ ಹುಳುವಿನ ಮೈಯೊಳಗೇ ಹುದುಗಿಸಿ, ತಳದಲ್ಲಿ ನಿಧಾನಕ್ಕೆ ಎಳೀರಿ.

ಬೇಸಿಗೆ, ಮಾರ್ಚ್–ಮೇ: ಕೆರೆ ಕುಗ್ಗುತ್ತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಕೊರಮೀನು ಹೆಚ್ಚು ಸಲ ಮೇಲೆ ಬರುತ್ತೆ. ಸೂರ್ಯ ಹುಟ್ಟೋ ಹೊತ್ತು, ಮುಳುಗೋ ಹೊತ್ತು ಕಪ್ಪೆಗೆ ಒಳ್ಳೇದು. ನಡು ಮಧ್ಯಾಹ್ನ ಮನೇಲಿರಿ.

ಮಳೆಗಾಲ, ಜೂನ್–ಸೆಪ್ಟೆಂಬರ್: ಇಲ್ಲೇ ನಾನು ತಪ್ಪು ಮಾಡಿದ್ದು. ಕೊರಮೀನು ಮೊಟ್ಟೆ ಇಡೋ ಕಾಲ ಇದು. ಮರಿಗಳು ಕೆಂಪಗೆ, ಒಂದೇ ಗುಂಪಾಗಿ ನೀರಿನ ಮೇಲೆ ಕುದಿಯೋ ಹಾಗೆ ಕಾಣುತ್ತವೆ. ತಂದೆತಾಯಿ ಮೀನು ಕೆಳಗೇ ಕಾವಲಿರುತ್ತೆ, ಹತ್ತಿರ ಬಂದದ್ದಕ್ಕೆಲ್ಲ ಎಗರುತ್ತೆ. ಹಸಿವಿಗಲ್ಲ, ಸಿಟ್ಟಿಗೆ.

ಹೋದ ವರ್ಷ ಆಶ್ಲೇಷಾ ಮಳೆಯಲ್ಲಿ ಶಂಕರಪಲ್ಲಿ ಕಡೆಯ ಒಂದು ಕೆರೆಯಲ್ಲಿ ಅಂಥ ಕೆಂಪು ಗುಂಪಿನ ಮಧ್ಯೆಯೇ ಕಪ್ಪೆ ಎಸೆದೆ. ಮೊದಲ ಎಸೆತಕ್ಕೇ ದೊಡ್ಡ ಮೀನು. ಫೋಟೋ ತೆಗೆಸಿಕೊಂಡು ನಿಂತಿದ್ದೆ. ದಡದಲ್ಲಿ ಬಲೆ ಬಿಡಿಸುತ್ತಿದ್ದ ತಾತ ನೋಡಿ, ಬೈಯಲೂ ಇಲ್ಲ, "ಪಿಲ್ಲಲುನ್ನಾಯಿ ಬಾಬು" ಅಂದ್ರು, ಮಕ್ಕಳಿವೆ ಅಂತ. ತಿರುಗಿ ನೋಡಿದ್ರೆ ಜಿಲೇಬಿ ಮೀನುಗಳು ಆ ಮರಿಗಳ ಮೇಲೆ ಬಿದ್ದಾಗಿತ್ತು. ಮೀನನ್ನ ಅದೇ ಜಾಗಕ್ಕೆ ಬಿಟ್ಟೆ, ಆದರೆ ಅಷ್ಟರಲ್ಲಿ ಗುಂಪು ಅರ್ಧವೂ ಉಳಿದಿರಲಿಲ್ಲ. ನನಗದು ಶನಿವಾರದ ಮೋಜು. ಆ ತಾತನಿಗೆ ಮುಂದಿನ ವರ್ಷದ ದುಡಿಮೆ.

ಅವತ್ತಿಂದ ಮೃಗಶಿರಾ ಮಳೆ ಹುಟ್ಟಿದ ಮೇಲೆ ನನ್ನ ರಾಡ್ ಅಟ್ಟದ ಮೇಲೆ. ಮೃಗಶಿರಾ ದಿನ ಈ ಊರಲ್ಲಿ ಮೀನಿನ ಅಂಗಡಿಗಳ ಮುಂದೆ ಜನವೋ ಜನ. ನಾಂಪಲ್ಲಿ ಮೈದಾನದಲ್ಲಿ ಉಬ್ಬಸಕ್ಕೆ ಅಂತ ಜೀವಂತ ಕೊರಮೀನಿನ ಮರಿ ನುಂಗಿಸುತ್ತಾರೆ. ಅದರಿಂದ ವಾಸಿಯಾಗುತ್ತೆ ಅನ್ನೋದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಆದರೆ ಮೀನಿನ ಹೊಸ ವರ್ಷ ಶುರುವಾಯ್ತು ಅಂತ ನೆನಪಿಡೋಕೆ ಅದು ಒಳ್ಳೆ ಗುರುತು.

ಮಳೆ ಮುಗಿದ ಮೇಲೆ, ಅಕ್ಟೋಬರ್ ಕೊನೆ–ನವೆಂಬರ್: ಸ್ವಾತಿ ಮಳೆ ಹೊತ್ತಿಗೆ ನೀರು ತಿಳಿಯಾಗುತ್ತೆ, ಮರಿಗಳು ದೊಡ್ಡವಾಗಿ ಚದುರಿರುತ್ತವೆ, ದೊಡ್ಡ ಮೀನಿಗೆ ಹಸಿವೂ ಇರುತ್ತೆ. ವರ್ಷದ ಅತ್ಯುತ್ತಮ ಕಾಲ ಇದೇ.

ಕೊನೆಗೆ ಮೂರು ಮಾತು. ಒಂದು, ಇಲ್ಲಿನ ಹೆಚ್ಚಿನ ಕೆರೆಗಳ ಮೀನಿನ ಹಕ್ಕು ಮೀನುಗಾರರ ಸಹಕಾರ ಸಂಘಗಳದ್ದು. ಅವರನ್ನ ಕೇಳಿಯೇ ಗಾಳ ಹಾಕಿ. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಅಂತೂ ಕುಡಿಯೋ ನೀರಿಗೆ ಕಟ್ಟಿದವು. 1908ರ ಮೂಸಿ ಪ್ರವಾಹದ ನಂತರ ನಮ್ಮ ವಿಶ್ವೇಶ್ವರಯ್ಯನವರು ಕೊಟ್ಟ ಯೋಜನೆಯ ಫಲ ಅವು. ಅಲ್ಲಿ ಕಸ ಬಿಟ್ಟು ಬಂದ್ರೆ ಅವರಿಗೆ ಅವಮಾನ. ಎರಡು, ಹರಿದ ಪ್ಲಾಸ್ಟಿಕ್ ಹುಳುವನ್ನ ನೀರಿಗೆ ಎಸೆಯಬೇಡಿ. ಅದು ಕೊಳೆಯಲ್ಲ, ಮೀನು ನುಂಗಿದ್ರೆ ಹೊಟ್ಟೆಯಲ್ಲೇ ಉಳಿಯುತ್ತೆ. ಹಳೇ ಡಬ್ಬಿಗೆ ಹಾಕಿ ಮನೆಗೆ ತನ್ನಿ. ಮೂರು, ಕೊಕ್ಕೆಯ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ, ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ. ಬಿಟ್ಟ ಮೀನು ಬದುಕಬೇಕಲ್ವಾ?

ಈ ಸ್ವಾತಿ ಮಳೆ ಕಳೆದ ಮೇಲೆ ಅದೇ ಕೆರೆಗೆ ಹೋಗ್ತೀನಿ. ಮೊದಲು ತಾತನ್ನ ಕೇಳ್ತೀನಿ. ಸಿಗೋಣ.